ಇನ್ಸುಲಿನ್: ಮದ್ದು ಅದೇ, ದೇಹಕ್ಕೆ ಸೇರುವ ದಾರಿ ಬೇರೆ ಬೇರೆ

ರಜೆ ಮುಗಿಸಿ ಊರಿನಿಂದ ಗಲ್ಫಿಗೆ ಮರಳುವವರ ಬ್ಯಾಗಿನಲ್ಲಿ ಉಪ್ಪಿನಕಾಯಿ, ಹಪ್ಪಳ, ಕುಚ್ಚಲಕ್ಕಿಯ ಜೊತೆಗೆ ಮೂರು ತಿಂಗಳಿಗಾಗುವಷ್ಟು ಶುಗರ್ ಮಾತ್ರೆ, ಇನ್ಸುಲಿನ್ ಇರುವುದು ಈಗ ಮಾಮೂಲಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಲೆಕ್ಕದಲ್ಲಿ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹ ಇದೆ. ಗಲ್ಫ್ ದೇಶಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಹೀಗಿರುವಾಗ ಇನ್ಸುಲಿನ್ ಹಾಕಿಕೊಳ್ಳುವ ಹೊಸ ಹೊಸ ವಿಧಾನಗಳ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ವಾರಕ್ಕೊಂದೇ ಸೂಜಿಯಂತೆ, ಮೂಗಿಗೆ ಎಳೆದುಕೊಳ್ಳುವ ಪುಡಿಯಂತೆ, ಸೊಂಟಕ್ಕೆ ಕಟ್ಟುವ ಮಷೀನಂತೆ. ಇದರಲ್ಲಿ ಯಾವುದು ನಿಜ, ಯಾವುದು ಯಾರಿಗೆ ಸಲ್ಲುತ್ತದೆ, ಬಿಸಿಲಲ್ಲಿ ದುಡಿಯುವವರಿಗೆ, ಒಂದೇ ರೂಮಿನಲ್ಲಿ ಆರು ಜನ ಇರುವವರಿಗೆ ಯಾವುದು ನಡೆಯುತ್ತದೆ ಎನ್ನುವುದು ಬೇರೆಯೇ ಪ್ರಶ್ನೆ.

ಹಾರ್ಮೋನ್ ಚಿಕಿತ್ಸೆ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಥೈರಾಯಿಡ್ ಮಾತ್ರೆ ಅಥವಾ ಮುಟ್ಟು ನಿಂತ ಹೆಂಗಸರಿಗೆ ಕೊಡುವ ಔಷಧಿ. ಆದರೆ ಇನ್ಸುಲಿನ್ ಕೂಡ ಹಾರ್ಮೋನೇ. ಮೇದೋಜೀರಕ ಗ್ರಂಥಿ ತಯಾರಿಸಿ ರಕ್ತಕ್ಕೆ ಬಿಡುವ ಈ ಹಾರ್ಮೋನ್ ಸಾಕಷ್ಟು ಬಾರದಿದ್ದರೆ ಹೊರಗಿನಿಂದ ಕೊಡಬೇಕು. ಕೊಡುವುದು ಹೇಗೆ ಎನ್ನುವುದೇ ನೂರು ವರ್ಷಗಳಿಂದ ವಿಜ್ಞಾನಿಗಳ ತಲೆನೋವು.

ಮಾತ್ರೆ ಯಾಕಿಲ್ಲ?

ಥೈರಾಯಿಡ್ ಹಾರ್ಮೋನ್ ಚಿಕ್ಕ ಅಣು. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿದರೆ ಕರುಳಿನಿಂದ ರಕ್ತಕ್ಕೆ ಸೇರುತ್ತದೆ, ಅರ್ಧದಷ್ಟು ಕರಗಲು ಸುಮಾರು ಒಂದು ವಾರ ಬೇಕು. ಹಾಗಾಗಿ ದಿನಕ್ಕೊಂದು ಮಾತ್ರೆ ಧಾರಾಳವಾಯಿತು. ಇನ್ಸುಲಿನ್ ಹಾಗಲ್ಲ. ಅದು 51 ಅಮೈನೋ ಆಮ್ಲಗಳನ್ನು ಪೋಣಿಸಿದ ಪ್ರೋಟೀನ್. ಹೊಟ್ಟೆಗೆ ಅದೂ ಒಂದೇ, ಮೊಟ್ಟೆಯ ಬಿಳಿಭಾಗವೂ ಒಂದೇ. ಎರಡನ್ನೂ ಜೀರ್ಣಿಸಿ ಬಿಡುತ್ತದೆ. ಅಕಸ್ಮಾತ್ ಸ್ವಲ್ಪ ಉಳಿದರೂ ಕರುಳಿನ ಗೋಡೆ ದಾಟುವಷ್ಟು ಸಣ್ಣದಲ್ಲ. ಆದ್ದರಿಂದ ಚರ್ಮದ ಕೆಳಗೆ ಸೂಜಿ.

ಬೇರೆ ಹಾರ್ಮೋನುಗಳಿಗೆ ಬೇರೆ ಬಾಗಿಲುಗಳಿವೆ. ಈಸ್ಟ್ರೋಜನ್ ಚರ್ಮದ ಮೂಲಕ ಒಳಗೆ ಹೋಗಬಲ್ಲದು, ಅದಕ್ಕೇ ಹೊಟ್ಟೆಯ ಕೆಳಭಾಗಕ್ಕೆ ಅಂಟಿಸುವ ಪಟ್ಟಿ ಬಂತು. ಈ ದಾರಿಯಲ್ಲಿ ಔಷಧಿ ಮೊದಲು ಲಿವರಿಗೆ ಹೋಗುವುದಿಲ್ಲವಾದ್ದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ ಎಂದು ಅಧ್ಯಯನಗಳು ಹೇಳಿವೆ. ಗಂಡಸರ ಟೆಸ್ಟೋಸ್ಟಿರಾನ್‌ಗೆ ಜೆಲ್ ಇದೆ. ಹಚ್ಚಿಕೊಂಡ ಜಾಗ ಮಕ್ಕಳ ಮೈಗೆ ತಾಗಿದರೆ ಅವರಿಗೂ ಹಾರ್ಮೋನ್ ಹೋಗುತ್ತದೆ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಕಡ್ಡಾಯ ಎಚ್ಚರಿಕೆ ಹಾಕಿಸಿತು. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಲ್ಯುಪ್ರೊಲೈಡ್ ಎಂಬ ಔಷಧಿಯನ್ನು, ಕರಗುವ ಹೊಲಿಗೆ ದಾರದ ಜಾತಿಯ ಪಾಲಿಮರಿನ ಅತಿ ಸಣ್ಣ ಗುಳಿಗೆಗಳಲ್ಲಿ ತುಂಬಿ, ತಿಂಗಳಿಗೊಮ್ಮೆ ಚುಚ್ಚುವಂತೆ ಮಾಡಿದ್ದು 1989ರಲ್ಲಿ. ಬ್ಯಾಂಕಿನಲ್ಲಿ ಡೆಪಾಸಿಟ್ ಇಟ್ಟು ತಿಂಗಳು ತಿಂಗಳು ಬಡ್ಡಿ ಪಡೆದ ಹಾಗೆ, ಒಮ್ಮೆ ಇಟ್ಟದ್ದು ದಿನಾ ಸ್ವಲ್ಪ ಸ್ವಲ್ಪ ಬರುತ್ತಿರುತ್ತದೆ.

ಇನ್ಸುಲಿನ್‌ನಲ್ಲಿ ಇದು ಸುಲಭವಲ್ಲದ್ದಕ್ಕೆ ಕಾರಣ ಇದೆ. ಅದು ದಿನವಿಡೀ ಒಂದೇ ಸಮ ಬೇಕಾದ ವಸ್ತುವಲ್ಲ. ಊಟ ಮಾಡಿದಾಗ ಹೆಚ್ಚು, ಮಲಗಿದಾಗ ಕಡಿಮೆ, ಮೈಮುರಿದು ದುಡಿದಾಗ ಇನ್ನೂ ಕಡಿಮೆ. ಸ್ವಲ್ಪ ಜಾಸ್ತಿಯಾದರೂ ಸಕ್ಕರೆ ಇಳಿದು ಮನುಷ್ಯ ಎಚ್ಚರ ತಪ್ಪುತ್ತಾನೆ. ಬೇರೆ ಯಾವ ಹಾರ್ಮೋನಿನಲ್ಲೂ ತಪ್ಪಿಗೆ ಇಷ್ಟು ಬೇಗ ದಂಡ ಬೀಳುವುದಿಲ್ಲ.

1922ರ ಟೊರೊಂಟೊದಿಂದ

ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ 1921ರಲ್ಲಿ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅದು ಶುದ್ಧವಾಗಿರಲಿಲ್ಲ, ಪರಿಣಾಮ ಅಷ್ಟಕ್ಕಷ್ಟೆ. ಜೇಮ್ಸ್ ಕಾಲಿಪ್ ಶುದ್ಧೀಕರಿಸಿದ ಮೇಲೆ ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮರು ವರ್ಷ ಬ್ಯಾಂಟಿಂಗ್ ಮತ್ತು ಮ್ಯಾಕ್‌ಲಿಯೋಡ್ ಅವರಿಗೆ ನೊಬೆಲ್ ಬಂತು. ಪೇಟೆಂಟ್ ವಿಶ್ವವಿದ್ಯಾಲಯಕ್ಕೆ ಹೋದದ್ದು ತಲಾ ಒಂದು ಡಾಲರಿಗೆ. ಇವತ್ತಿನ ಫಾರ್ಮಸಿ ಬಿಲ್ ನೋಡಿದವರಿಗೆ ಈ ಸಂಗತಿ ನಂಬಲು ಕಷ್ಟವಾದೀತು.

ಆಗಿನ ಇನ್ಸುಲಿನ್ ಕೆಲವೇ ತಾಸು ಕೆಲಸ ಮಾಡುತ್ತಿತ್ತು, ದಿನಕ್ಕೆ ಹಲವು ಸಲ ಚುಚ್ಚಬೇಕಿತ್ತು. 1936ರಲ್ಲಿ ಡೆನ್ಮಾರ್ಕಿನ ಹಾಗೆಡೋರ್ನ್ ಮೀನಿನಿಂದ ತೆಗೆದ ಪ್ರೋಟಮೀನ್ ಬೆರೆಸಿ ಅದು ನಿಧಾನವಾಗಿ ಕರಗುವಂತೆ ಮಾಡಿದರು. ಇದೇ ಮುಂದೆ ಎನ್‌ಪಿಎಚ್ ಆಯಿತು, ಅದರ ಕೊನೆಯ ಅಕ್ಷರ ಹಾಗೆಡೋರ್ನ್ ಅವರ ಹೆಸರಿನದು. ನಮ್ಮ ಕಡೆ ಬಹಳ ಜನ ಬೆಳಿಗ್ಗೆ ಸಂಜೆ ಹಾಕಿಕೊಳ್ಳುವ 30-70 ಮಿಶ್ರಣದಲ್ಲಿ 70 ಭಾಗ ಇದೇ. ಹಾಲಿನ ಹಾಗೆ ಮಸುಕಾಗಿರುವುದರಿಂದ ಪ್ರತಿ ಸಲ ಅಂಗೈಗಳ ನಡುವೆ ನಿಧಾನ ಉರುಳಿಸಿ ಬೆರೆಸಬೇಕು. ಕುಲುಕಬಾರದು. ಬೆರೆಸದೆ ಹಾಕಿದರೆ ಒಂದು ದಿನ ನೀರು ಜಾಸ್ತಿ, ಇನ್ನೊಂದು ದಿನ ಮದ್ದು ಜಾಸ್ತಿ. ಆಮೇಲೆ ಶುಗರ್ ಯಾಕೆ ಏರುಪೇರು ಅಂತ ತಲೆ ಕೆಡಿಸಿಕೊಳ್ಳುವುದು.

1982ರವರೆಗೆ ಇನ್ಸುಲಿನ್ ಬರುತ್ತಿದ್ದದ್ದು ಹಂದಿ ಮತ್ತು ದನದ ಗ್ರಂಥಿಗಳಿಂದ. ಆ ವರ್ಷ ಬ್ಯಾಕ್ಟೀರಿಯಾದೊಳಗೆ ಮಾನವ ಇನ್ಸುಲಿನ್ ಬೆಳೆಸುವ ವಿಧಾನಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಬಯೋಕಾನ್ ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನ್ 2004ರಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಇದೇ ಕಂಪನಿ ತಯಾರಿಸುವ ಗ್ಲಾರ್ಜಿನ್ ಇನ್ಸುಲಿನ್‌ಗೆ 2021ರ ಜುಲೈಯಲ್ಲಿ ಎಫ್‌ಡಿಎ ವಿಶೇಷ ಮಾನ್ಯತೆ ಕೊಟ್ಟಿತು: ಮೂಲ ಬ್ರ್ಯಾಂಡಿನ ಬದಲು ಫಾರ್ಮಸಿಯವರೇ ನೇರ ಕೊಡಬಹುದಾದ ಮೊದಲ ಇನ್ಸುಲಿನ್ ಅದು.

40 ಮತ್ತು 100: ಪ್ರಾಣಕ್ಕೆ ಬರುವ ಲೆಕ್ಕ

ಹೊಸ ತಂತ್ರಜ್ಞಾನಕ್ಕೆ ಹೋಗುವ ಮೊದಲು ಹಳೆಯ ಸಿರಿಂಜಿನ ಒಂದು ವಿಷಯ ಹೇಳಲೇಬೇಕು. ಊರಿಗೂ ಗಲ್ಫಿಗೂ ಓಡಾಡುವವರಿಗೆ ಇದಕ್ಕಿಂತ ಮುಖ್ಯವಾದದ್ದು ಈ ಇಡೀ ವಿಷಯದಲ್ಲಿ ಇನ್ನೊಂದಿಲ್ಲ.

ಭಾರತದಲ್ಲಿ ಬಾಟಲಿಯಲ್ಲಿ ಸಿಗುವ ಸಾಮಾನ್ಯ ಇನ್ಸುಲಿನ್ ಹೆಚ್ಚಾಗಿ ಯು-40. ಅಂದರೆ ಒಂದು ಮಿ.ಲೀ.ನಲ್ಲಿ 40 ಯೂನಿಟ್. ಅದಕ್ಕೆ ಬಳಸುವ ಸಿರಿಂಜಿನ ಮುಚ್ಚಳ ಕೆಂಪು. ಗಲ್ಫಿನ ಫಾರ್ಮಸಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಯು-100, ಒಂದು ಮಿ.ಲೀ.ನಲ್ಲಿ 100 ಯೂನಿಟ್. ಅದರ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣ. ಔಷಧಿ ಒಂದೇ, ಹೆಸರೂ ಒಂದೇ ಇರಬಹುದು, ಗಟ್ಟಿತನ ಮಾತ್ರ ಎರಡೂವರೆ ಪಟ್ಟು.

ಈಗ ಒಬ್ಬರ ಡೋಸ್ 20 ಯೂನಿಟ್ ಎಂದಿಟ್ಟುಕೊಳ್ಳಿ. ಊರಿನಿಂದ ತಂದ ಬಾಟಲಿ ಮುಗಿಯಿತು, ಕೆಂಪು ಮುಚ್ಚಳದ ಸಿರಿಂಜ್ ಇನ್ನೂ ಡಜನ್ ಉಳಿದಿದೆ. ಇಲ್ಲಿ ಹೊಸ ಬಾಟಲಿ ತಂದು ಅದೇ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರು. ಆ ಗೆರೆ ಅಂದರೆ ಅರ್ಧ ಮಿ.ಲೀ. ಯು-100 ಇನ್ಸುಲಿನ್‌ನಲ್ಲಿ ಅರ್ಧ ಮಿ.ಲೀ. ಅಂದರೆ 50 ಯೂನಿಟ್. ಇಪ್ಪತ್ತರ ಜಾಗದಲ್ಲಿ ಐವತ್ತು! ರಾತ್ರಿ ಮಲಗುವ ಮೊದಲು ಹೀಗಾದರೆ ನಿದ್ದೆಯಲ್ಲೇ ಎಚ್ಚರ ತಪ್ಪುವ ಸಾಧ್ಯತೆ ಇದೆ. ಉಲ್ಟಾ ಆದರೆ, ಅಂದರೆ ಊರಿನ ಬಾಟಲಿಗೆ ಇಲ್ಲಿನ ಕಿತ್ತಳೆ ಮುಚ್ಚಳದ ಸಿರಿಂಜ್ ಬಳಸಿದರೆ, 20ರ ಗೆರೆಗೆ ಸಿಗುವುದು ಬರೀ 8 ಯೂನಿಟ್. ತಕ್ಷಣ ಏನೂ ಗೊತ್ತಾಗುವುದಿಲ್ಲ, ಶುಗರ್ ಮಾತ್ರ ದಿನೇ ದಿನೇ ಏರುತ್ತಾ ಹೋಗುತ್ತದೆ. ಡಾಕ್ಟರ್ ಡೋಸ್ ಹೆಚ್ಚಿಸುತ್ತಾರೆ. ಆಮೇಲೆ ಯಾವತ್ತೋ ಸರಿಯಾದ ಸಿರಿಂಜ್ ಕೈಗೆ ಬಂದ ದಿನ ಆ ಹೆಚ್ಚಿಸಿದ ಡೋಸೇ ಅಪಾಯ.

ಬಾಟಲಿಯ ಮೇಲೆ 40 ಐಯು ಅಥವಾ 100 ಐಯು ಎಂದು ಅಚ್ಚಾಗಿರುತ್ತದೆ. ಸಿರಿಂಜಿನ ಮೇಲೂ ಅದೇ ಅಂಕಿ ಇರಬೇಕು. ದೇಶ ಬದಲಾದ ದಿನ ಉಳಿದ ಹಳೆ ಸಿರಿಂಜ್ ಬಿಸಾಡುವುದು ಒಳ್ಳೆಯದು. ಇಪ್ಪತ್ತು ಸಿರಿಂಜಿನ ಬೆಲೆ ಒಂದು ಊಟದ ಬೆಲೆಗಿಂತ ಜಾಸ್ತಿ ಏನಲ್ಲ.

ಪೆನ್ನು: ಅನುಕೂಲ ಮತ್ತು ಖರ್ಚು

ಈ ಗೊಂದಲವನ್ನು ಬಹುಮಟ್ಟಿಗೆ ತಪ್ಪಿಸಿದ್ದು ಇನ್ಸುಲಿನ್ ಪೆನ್. ಡೆನ್ಮಾರ್ಕಿನ ನೋವೊ ಕಂಪನಿ 1985ರಲ್ಲಿ ಮೊದಲ ಪೆನ್ ತಂದಿತು. ಹಿಂಬದಿಯ ಗುಂಡಿ ತಿರುಗಿಸಿ ಅಂಕಿ ಇಟ್ಟು ಒತ್ತಿದರೆ ಮುಗಿಯಿತು, ಗೆರೆ ನೋಡಿ ಎಳೆಯುವ ಕೆಲಸ ಇಲ್ಲ. ಪೆನ್ನಿನ ಒಳಗಿನ ಇನ್ಸುಲಿನ್ ಭಾರತದಲ್ಲೂ ಸಾಮಾನ್ಯವಾಗಿ ಯು-100. ಸೂಜಿ 4 ಮಿ.ಮೀ.ನಷ್ಟು ಚಿಕ್ಕದು ಸಿಗುತ್ತದೆ, ದಪ್ಪಗಿರುವವರಿಗೂ ಅಷ್ಟು ಸಾಕು. ಪೆನ್ನಿನೊಳಗಿನ ಮದ್ದನ್ನು ಸಿರಿಂಜಿನಿಂದ ಎಳೆಯುವ ಅಭ್ಯಾಸ ಕೆಲವರಿಗಿದೆ. ಅದು ಮಾತ್ರ ಬೇಡ, ಮೇಲೆ ಹೇಳಿದ ಅದೇ ಅಪಾಯ ಹಿಂದಿನ ಬಾಗಿಲಿನಿಂದ ಬರುತ್ತದೆ.

ಬೆಲೆ ಹೋಲಿಸುವಾಗ ಪೆಟ್ಟಿಗೆಗೆ ಎಷ್ಟು ಅಂತ ಕೇಳಿದರೆ ಲೆಕ್ಕ ತಪ್ಪುತ್ತದೆ, ಯೂನಿಟ್‌ಗೆ ಎಷ್ಟು ಅಂತ ನೋಡಬೇಕು. ಊರಿನ 10 ಮಿ.ಲೀ. ಯು-40 ಬಾಟಲಿಯಲ್ಲಿ 400 ಯೂನಿಟ್ ಇದೆ. 3 ಮಿ.ಲೀ.ನ ಒಂದು ಪೆನ್ನಿನಲ್ಲಿ 300. ದಿನಕ್ಕೆ ಎರಡು ಹೊತ್ತು ಸೇರಿ 30 ಯೂನಿಟ್ ಹಾಕಿಕೊಳ್ಳುವವರಿಗೆ ಪೆನ್ 10 ದಿನ ಬರಬೇಕು. ಆದರೆ ಪ್ರತಿ ಸಲ ಗಾಳಿ ಹೋಗಲೆಂದು 2 ಯೂನಿಟ್ ಹೊರಗೆ ಚಿಮ್ಮಿಸಿ ನೋಡಬೇಕು. ಅದನ್ನೂ ಸೇರಿಸಿದರೆ ದಿನಕ್ಕೆ 34, ಪೆನ್ 9 ದಿನವೂ ತುಂಬುವುದಿಲ್ಲ. ಐದು ಪೆನ್ನಿನ ಪೆಟ್ಟಿಗೆ 44 ದಿನ. ಹಣ ಉಳಿಸಲು ಈ ಎರಡು ಯೂನಿಟ್ ಬಿಡುವುದು ಸರಿಯಲ್ಲ. ಸೂಜಿ ಕಟ್ಟಿಕೊಂಡಿದ್ದರೆ ಮದ್ದು ಒಳಗೆ ಹೋಗಿದೆ ಎಂದು ನೀವಂದುಕೊಂಡಿರುತ್ತೀರಿ, ಹೋಗಿರುವುದಿಲ್ಲ.

ಬಾಟಲಿಯಲ್ಲಿ ಇನ್ನೊಂದು ನಷ್ಟ ಕಾಣದೆ ಆಗುತ್ತದೆ. ತೆರೆದ ಇನ್ಸುಲಿನ್ ಹೆಚ್ಚಿನವು ಸುಮಾರು ನಾಲ್ಕು ವಾರಕ್ಕೆ ಬಿಸಾಡಬೇಕು (ಕೆಲವು ಬ್ರ್ಯಾಂಡ್ ಆರರಿಂದ ಎಂಟು ವಾರ ತಡೆಯುತ್ತವೆ, ಪೆಟ್ಟಿಗೆಯೊಳಗಿನ ಕಾಗದದಲ್ಲಿ ಬರೆದಿರುತ್ತದೆ). ದಿನಕ್ಕೆ 10 ಯೂನಿಟ್ ಮಾತ್ರ ಬೇಕಾದವರಿಗೆ 400 ಯೂನಿಟಿನ ಬಾಟಲಿ 40 ದಿನಕ್ಕಿದೆ. 28ನೇ ದಿನ 120 ಯೂನಿಟ್ ಕಸದ ಬುಟ್ಟಿಗೆ. ಇಂಥವರಿಗೆ ಪೆನ್ ದುಬಾರಿಯಾಗಿ ಕಂಡರೂ ಅಷ್ಟೇನೂ ದುಬಾರಿಯಲ್ಲ.

ರೂಮಿನಲ್ಲಿ ಇಬ್ಬರಿಗೆ ಶುಗರ್ ಇದ್ದರೆ, ಒಬ್ಬರ ಪೆನ್ ಮುಗಿದಾಗ ಸೂಜಿ ಬದಲಿಸಿ ಇನ್ನೊಬ್ಬರದ್ದು ಬಳಸುವುದು ನಡೆಯುತ್ತದೆ. ಚುಚ್ಚುವಾಗ ಕಣ್ಣಿಗೆ ಕಾಣದಷ್ಟು ರಕ್ತ ಪೆನ್ನಿನೊಳಕ್ಕೆ ಹೋಗಬಹುದು. ಸೂಜಿ ಹೊಸದಾದರೂ ಹೆಪಟೈಟಿಸ್, ಎಚ್‌ಐವಿ ಹರಡುವ ದಾರಿ ಅದು. ಅಣ್ಣತಮ್ಮಂದಿರ ನಡುವೆಯೂ ಪೆನ್ ಹಂಚಿಕೊಳ್ಳಬಾರದು.

ಚರ್ಮದ ಕೆಳಗಿನ ಗೋದಾಮು

ಸೂಜಿಯ ಸಂಖ್ಯೆ ಕಡಿಮೆ ಮಾಡಲು ಇನ್ಸುಲಿನ್ ಅಣುವನ್ನೇ ಬದಲಿಸಿದ ಕಥೆ ಸ್ವಾರಸ್ಯವಾಗಿದೆ. 2000ದಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಗ್ಲಾರ್ಜಿನ್ ಬಾಟಲಿಯೊಳಗೆ ಸ್ವಲ್ಪ ಹುಳಿ ದ್ರಾವಣ. ಚರ್ಮದ ಕೆಳಗೆ ಹೋದಾಗ ಅಲ್ಲಿ ಹುಳಿ ಇಲ್ಲವಾದ್ದರಿಂದ ಸಣ್ಣ ಹರಳುಗಳಾಗಿ ಕೂತುಬಿಡುತ್ತದೆ, ಒಂದು ದಿನದುದ್ದಕ್ಕೂ ಕರಗುತ್ತಾ ಬರುತ್ತದೆ. ಡೆಗ್ಲುಡೆಕ್ ಎಂಬುದು ಸರಪಳಿಯಂತೆ ಜೋಡಿಸಿಕೊಂಡು ಕೂರುತ್ತದೆ, ತುದಿಯಿಂದ ಒಂದೊಂದೇ ಕಳಚುತ್ತದೆ. ಅದರ ಪ್ರಭಾವ ಒಂದು ದಿನ ದಾಟಿಯೂ ಇರುತ್ತದೆ. ಡ್ಯೂಟಿ ಶಿಫ್ಟ್ ಬದಲಾಗುವ ಸೆಕ್ಯುರಿಟಿ ಗಾರ್ಡ್, ಡ್ರೈವರುಗಳಿಗೆ ಇದು ಅನುಕೂಲ, ಸಮಯ ಒಂದಿಷ್ಟು ಆಚೀಚೆ ಆದರೂ ನಡೆಯುತ್ತದೆ.

ಇನ್ನು ವಾಟ್ಸ್ಆ್ಯಪಿನ 'ವಾರಕ್ಕೊಂದೇ ಸೂಜಿ'. ಅದು ಸುಳ್ಳಲ್ಲ. ಐಕೊಡೆಕ್ ಅಂತ ಹೆಸರು. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಓಡಾಡುತ್ತದೆ, ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. 2024ರಲ್ಲಿ ಯುರೋಪ್ ಒಕ್ಕೂಟ ಒಪ್ಪಿತು. ಅದೇ ವರ್ಷ ಅಮೆರಿಕದ ಎಫ್‌ಡಿಎ ಒಪ್ಪದೆ ಇನ್ನಷ್ಟು ಮಾಹಿತಿ ಕೇಳಿತು. ಇದು ಮಿ.ಲೀ.ಗೆ 700 ಯೂನಿಟ್. ದಿನಕ್ಕೆ 20 ಬೇಕಾದವರಿಗೆ ವಾರಕ್ಕೆ 140, ಅಂದರೆ 0.2 ಮಿ.ಲೀ. ದಿನದ ಇನ್ಸುಲಿನ್‌ನ 20 ಯೂನಿಟಿಗೂ ಅಷ್ಟೇ ಹನಿ! ಮರೆತು ದಿನಾ ಹಾಕಿಕೊಂಡರೆ ಏನಾದೀತು ಎಂದು ಊಹಿಸಬಹುದು. ಇನ್ನೊಂದು ತೊಡಕು, ಒಳಗೆ ಹೋದದ್ದನ್ನು ವಾಪಸ್ ತೆಗೆಯಲಾಗುವುದಿಲ್ಲ. ನಡುವೆ ವಾಂತಿ ಭೇದಿಯಾಗಿ ಊಟ ಬಿಟ್ಟರೂ ಆ ವಾರದ ಇನ್ಸುಲಿನ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಟೈಪ್ 1 ಇರುವವರ ಮೇಲೆ ನಡೆದ ಪ್ರಯೋಗದಲ್ಲಿ ಸಕ್ಕರೆ ಕುಸಿಯುವ ಪ್ರಸಂಗಗಳು ಹೆಚ್ಚೇ ಕಂಡವು. ರಂಜಾನ್ ಉಪವಾಸ ಹಿಡಿಯುವವರಿಗೂ ಇದೇ ವಿಚಾರ ಬರುತ್ತದೆ. ಯಾವ ಇನ್ಸುಲಿನ್ ಇರಲಿ, ಉಪವಾಸದ ತಿಂಗಳಿಗೆ ಕೆಲವು ವಾರ ಮೊದಲೇ ಡಾಕ್ಟರ ಹತ್ತಿರ ಹೋಗಿ ಡೋಸ್ ಮತ್ತು ಸಮಯ ಬದಲಿಸಿಕೊಳ್ಳುವುದು ವಾಡಿಕೆಯಾಗಬೇಕು. ನಡುವೆ ಶುಗರ್ 70ಕ್ಕಿಂತ ಇಳಿದರೆ ಉಪವಾಸ ಮುರಿಯಲೇಬೇಕು.

ಪಂಪ್ ಮತ್ತು ತೋಳಿನ ಸೆನ್ಸರ್

ಪಂಪಿನ ಯೋಚನೆ 1960ರ ದಶಕದ್ದು. ಆಗ ಅದು ಬೆನ್ನಿಗೆ ಹೊರುವಷ್ಟು ದೊಡ್ಡದಿತ್ತು. ಈಗ ಅಂಗೈಯಲ್ಲಿ ಹಿಡಿಸುತ್ತದೆ. ಬೇಗ ಕೆಲಸ ಮಾಡುವ ಇನ್ಸುಲಿನ್ ಅನ್ನು ಹನಿ ಹನಿಯಾಗಿ ಚರ್ಮದ ಕೆಳಗೆ ಬಿಡುತ್ತಿರುತ್ತದೆ, ಊಟದ ಹೊತ್ತಿಗೆ ಗುಂಡಿ ಒತ್ತಿದರೆ ಹೆಚ್ಚು ಬಿಡುತ್ತದೆ. 2016ರಲ್ಲಿ ಒಪ್ಪಿಗೆ ಪಡೆದ ಮೆಡ್‌ಟ್ರಾನಿಕ್ 670ಜಿ, ಸೆನ್ಸರಿನ ಅಂಕಿ ನೋಡಿ ತಾನೇ ಹನಿ ಹೆಚ್ಚುಕಡಿಮೆ ಮಾಡುವ ಮೊದಲ ಪಂಪ್. ಟೈಪ್ 1 ಇರುವ ಮಕ್ಕಳ ತಂದೆತಾಯಿಗೆ ರಾತ್ರಿ ನಿದ್ದೆ ಕೊಟ್ಟ ಯಂತ್ರ ಇದು ಎಂದರೆ ತಪ್ಪಲ್ಲ. ಆದರೆ ಬೆಲೆ, ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕಾದ ಕೊಳವೆ, ಎಲ್ಲ ಸೇರಿದರೆ ಸಾಮಾನ್ಯ ಸಂಬಳಕ್ಕೆ ದೂರದ ಮಾತು. ಅಲ್ಲದೆ ಪಂಪಿನಲ್ಲಿ ದೀರ್ಘಾವಧಿ ಇನ್ಸುಲಿನ್ ಇರುವುದಿಲ್ಲ. ಬೆವರಿಗೆ ಕೊಳವೆ ಕಳಚಿದ್ದು ಗೊತ್ತಾಗದೆ ಹೋದರೆ ಕೆಲವೇ ತಾಸುಗಳಲ್ಲಿ ಟೈಪ್ 1 ಇರುವವರು ಆಸ್ಪತ್ರೆ ಸೇರಬೇಕಾಗುತ್ತದೆ.

ತೋಳಿಗೆ ಅಂಟಿಸುವ ಸೆನ್ಸರ್ ಹಾಗಲ್ಲ. ಪಂಪ್ ಇಲ್ಲದೆಯೂ ಅದನ್ನು ಹಾಕಿಕೊಳ್ಳಬಹುದು. ಎರಡು ವಾರ ಬಾಳುವ ಸೆನ್ಸರ್ ಯುರೋಪಿಗೆ 2014ರಲ್ಲಿ ಬಂತು. ಎಲ್ಲ ತಿಂಗಳೂ ಕೊಳ್ಳಲಾಗದಿದ್ದರೆ ವರ್ಷಕ್ಕೆ ಒಂದೆರಡು ಸಲ, ಅದರಲ್ಲೂ ಡೋಸ್ ಬದಲಾದಾಗ ಹಾಕಿಸಿದರೂ ರಾತ್ರಿ ಎರಡು ಗಂಟೆಗೆ ಏನಾಗುತ್ತಿದೆ ಎನ್ನುವುದು ತಿಳಿಯುತ್ತದೆ. ಯುಎಇಯಲ್ಲಿ 2025ರ ಜನವರಿ 1ರಿಂದ ಎಲ್ಲ ಎಮಿರೇಟುಗಳಲ್ಲೂ ಕಾರ್ಮಿಕರಿಗೆ ಆರೋಗ್ಯ ವಿಮೆ ಕಡ್ಡಾಯ. ವಿಮೆಯಲ್ಲಿ ಸೆನ್ಸರ್ ಬರುತ್ತದೋ, ಔಷಧಿಗೆ ವರ್ಷದ ಮಿತಿ ಎಷ್ಟೋ, ಕಾರ್ಡ್ ಹಿಂದಿನ ನಂಬರಿಗೆ ಫೋನ್ ಮಾಡಿ ಕೇಳುವುದರಲ್ಲಿ ಸಂಕೋಚ ಬೇಡ. ರಿಪೋರ್ಟಿನಲ್ಲಿ ಶುಗರ್ 7 ಅಥವಾ 10 ಅಂತ ಕಂಡರೆ ಗಾಬರಿ ಬೇಡ. ಕೆಲವು ಆಸ್ಪತ್ರೆಗಳು ಮಿಲಿಮೋಲ್‌ನಲ್ಲಿ ಕೊಡುತ್ತವೆ, 18ರಿಂದ ಗುಣಿಸಿದರೆ ನಮ್ಮ ಊರಿನ ಅಂಕಿ.

ಉಸಿರಿನಲ್ಲಿ, ಹೊಟ್ಟೆಯಲ್ಲಿ

ಇನ್ಸುಲಿನ್ ಪುಡಿಯನ್ನು ಎಳೆದುಕೊಳ್ಳುವುದು ಮೂಗಿನಿಂದಲ್ಲ, ಬಾಯಿಂದ ಶ್ವಾಸಕೋಶಕ್ಕೆ. ಈ ದಾರಿ ಹಿಡಿದ ಫೈಜರ್ ಕಂಪನಿ ಕೈ ಸುಟ್ಟುಕೊಂಡದ್ದು ಔಷಧಿ ಉದ್ಯಮದ ದೊಡ್ಡ ನಷ್ಟಗಳಲ್ಲೊಂದು. ಎಕ್ಸುಬೆರಾಕ್ಕೆ 2006ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು, 2007ರ ಅಕ್ಟೋಬರಿನಲ್ಲಿ ಕಂಪನಿಯೇ ಕೈಬಿಟ್ಟಿತು. ಪುಸ್ತಕದಲ್ಲಿ ಬರೆದುಹಾಕಿದ್ದು 280 ಕೋಟಿ ಡಾಲರ್. ಮದ್ದು ಕೆಲಸ ಮಾಡುತ್ತಿತ್ತು, ಆದರೆ ಉಪಕರಣ ತೀರಾ ದೊಡ್ಡದು, ಬೆಲೆ ಜಾಸ್ತಿ, ಡಾಕ್ಟರುಗಳಿಗೂ ರೋಗಿಗಳಿಗೂ ರುಚಿಸಲಿಲ್ಲ. ದಾರಿ ಹೊಸದಾದರೆ ಸಾಲದು, ಜನ ಅದರಲ್ಲಿ ನಡೆಯಬೇಕು. ಆಮೇಲೆ 2014ರಲ್ಲಿ ಬಂದ ಅಫ್ರೆಝಾ ಶಿಳ್ಳೆಯಷ್ಟು ಚಿಕ್ಕ ಉಪಕರಣ. 2024ರ ಡಿಸೆಂಬರಿನಲ್ಲಿ ಸಿಪ್ಲಾ ಕಂಪನಿಗೆ ಇದನ್ನು ಭಾರತದಲ್ಲಿ ಮಾರಲು ಒಪ್ಪಿಗೆ ಸಿಕ್ಕಿತು. ಊಟದ ಹೊತ್ತಿನ ಇನ್ಸುಲಿನ್ ಮಾತ್ರ ಇದರಿಂದ ಸಾಧ್ಯ. ಅಸ್ತಮಾ ಇರುವವರಿಗೆ, ಬೀಡಿ ಸಿಗರೇಟ್ ಸೇದುವವರಿಗೆ ಆಗದು. ಶುರು ಮಾಡುವ ಮೊದಲು ಶ್ವಾಸಕೋಶದ ಪರೀಕ್ಷೆ ಬೇಕು. ಧೂಳಿನ ಸೈಟಿನಲ್ಲಿ ವರ್ಷಗಟ್ಟಲೆ ದುಡಿದವರು ಈ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ನುಂಗುವ ಇನ್ಸುಲಿನ್ ಇನ್ನೂ ಕೈಗೆ ಬಂದಿಲ್ಲ. ಬಯೋಕಾನ್ ಕೂಡ ಬಹಳ ವರ್ಷ ಪ್ರಯತ್ನಿಸಿತು. 2011ರಲ್ಲಿ ಹೊರಬಂದ ಪ್ರಯೋಗದ ಫಲಿತಾಂಶ ಮುಖ್ಯ ಗುರಿ ಮುಟ್ಟಲಿಲ್ಲ. ಆದರೆ ಇನ್ನೊಂದು ಹಾರ್ಮೋನಿನಲ್ಲಿ ಬಾಗಿಲು ಸ್ವಲ್ಪ ತೆರೆದಿದೆ. ಕರುಳಿನ ಜಿಎಲ್‌ಪಿ-1 ಹಾರ್ಮೋನನ್ನು ಹೋಲುವ ಸೆಮಾಗ್ಲುಟೈಡ್ ಮಾತ್ರೆಗೆ 2019ರಲ್ಲಿ ಒಪ್ಪಿಗೆ ಬಂತು. ಜೊತೆಗೆ ಬೆರೆಸಿದ ಒಂದು ವಸ್ತು ಹೊಟ್ಟೆಯ ಗೋಡೆಯ ಬಳಿ ಅದನ್ನು ಕಾಪಾಡಿ ಒಳಗೆ ದಾಟಿಸುತ್ತದೆ. ಹಾಗೆ ಮಾಡಿಯೂ ರಕ್ತ ಸೇರುವುದು ನೂರಕ್ಕೆ ಒಂದು ಪಾಲಿನ ಆಸುಪಾಸು! ಖಾಲಿ ಹೊಟ್ಟೆಗೆ, ಅರ್ಧ ಲೋಟಕ್ಕಿಂತ ಹೆಚ್ಚಿಲ್ಲದ ನೀರಿನಲ್ಲಿ ನುಂಗಿ, ಅರ್ಧ ತಾಸು ಚಹಾ ಕೂಡ ಕುಡಿಯದೆ ಕಾಯಬೇಕು. ಇದು ಇನ್ಸುಲಿನ್ ಅಲ್ಲ, ಟೈಪ್ 1 ಇರುವವರಿಗೆ ಬದಲಿಯೂ ಅಲ್ಲ.

ಬಿಸಿಲು

ಎಷ್ಟೇ ಹೊಸ ಇನ್ಸುಲಿನ್ ಬಂದರೂ ಅದು ಪ್ರೋಟೀನ್, ಬಿಸಿಗೆ ಕೆಡುತ್ತದೆ. ತೆರೆಯದ್ದು 2ರಿಂದ 8 ಡಿಗ್ರಿಯಲ್ಲಿ ಫ್ರಿಜ್ಜಿನಲ್ಲಿರಬೇಕು, ಫ್ರೀಜರಿನಲ್ಲಿ ಅಲ್ಲ. ತೆರೆದದ್ದನ್ನು 25ರಿಂದ 30 ಡಿಗ್ರಿಯೊಳಗೆ ಹೊರಗಿಡಬಹುದು. ಜುಲೈ ತಿಂಗಳಲ್ಲಿ ಹೊರಗೆ 45 ಇರುವಾಗ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟ ಪೆನ್ನಿನ ಮೇಲೆ ಆಮೇಲೆ ಭರವಸೆ ಇಡುವಂತಿಲ್ಲ. ಕೆಟ್ಟ ಇನ್ಸುಲಿನ್ ನೋಡಲು ಮೊದಲಿನಂತೆಯೇ ಇರಬಹುದು. ತಿಳಿಯಾಗಿರಬೇಕಾದದ್ದು ಮಸುಕಾದರೆ, ಮಸುಕಾಗಿರಬೇಕಾದದ್ದರಲ್ಲಿ ಗಂಟು ಕಂಡರೆ ಖಂಡಿತ ಬಿಸಾಡಬೇಕು.

ನೀರಿನಲ್ಲಿ ನೆನೆಸಿ ಬಳಸುವ ತಂಪಿನ ಚೀಲ ಮತ್ತು ನಮ್ಮೂರಿನ ಮಣ್ಣಿನ ಮಡಕೆ, ಎರಡರ ತತ್ವ ಒಂದೇ: ನೀರು ಆವಿಯಾಗುವಾಗ ತಂಪಾಗುತ್ತದೆ. ರಿಯಾದಿನಂಥ ಒಣ ಹವೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ದುಬೈ, ದಮ್ಮಾಮ್, ಮಸ್ಕತ್‌ನ ಸಮುದ್ರ ತೀರದ ಆಗಸ್ಟಿನ ಸೆಕೆಯಲ್ಲಿ ನೀರು ಆವಿಯಾಗುವುದೇ ಕಷ್ಟ, ಚೀಲವನ್ನು ನಂಬಿ ಕೂರುವಂತಿಲ್ಲ. ಸೈಟಿನಲ್ಲಿ ಎಸಿ ಇರುವ ಆಫೀಸು ಅಥವಾ ಫಸ್ಟ್ ಏಡ್ ರೂಮಿನ ಫ್ರಿಜ್ಜಿನಲ್ಲಿ ಹೆಸರು ಬರೆದು ಇಡಲು ಫೋರ್‌ಮನ್ ಹತ್ತಿರ ಮೊದಲೇ ಹೇಳಿಡುವುದು ಒಳ್ಳೆಯದು.

ಬಿಸಿಲು ಬಾಟಲಿಯನ್ನಷ್ಟೇ ಕಾಡುವುದಲ್ಲ. ಮೈ ಬಿಸಿಯಾದಾಗ, ಕೈಕಾಲು ದುಡಿಯುವಾಗ ಚರ್ಮದ ಕೆಳಗಿನ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ. ತೊಡೆಗೆ ಚುಚ್ಚಿ ಮೆಟ್ಟಿಲು ಹತ್ತುವ ಕೆಲಸಕ್ಕೆ ಹೋದರೆ ಸಕ್ಕರೆ ಬೇಗ ಇಳಿಯಬಹುದು. ಅಂಥ ದಿನ ಹೊಟ್ಟೆಗೆ ಚುಚ್ಚುವುದು ಲೇಸು. ಒಂದೇ ಜಾಗಕ್ಕೆ ದಿನಾ ಚುಚ್ಚಿದರೆ ಅಲ್ಲಿ ಕೊಬ್ಬಿನ ಗಂಟು ಬೆಳೆಯುತ್ತದೆ, ಗಂಟಿನಿಂದ ಮದ್ದು ಸರಿಯಾಗಿ ಬರುವುದಿಲ್ಲ. ಬೆರಳಿನಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ.

ವಿಮಾನದಲ್ಲಿ ಇನ್ಸುಲಿನ್ ಕೈಚೀಲದಲ್ಲೇ ಇರಬೇಕು. ಕೆಳಗಿನ ಲಗೇಜಿನಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಇದೆ, ಬ್ಯಾಗ್ ಕಳೆದರಂತೂ ಮುಗಿಯಿತು. ಡಾಕ್ಟರ ಚೀಟಿ, ಹೆಸರಿರುವ ಪೆಟ್ಟಿಗೆ ಜೊತೆಗಿರಲಿ. ಪಂಪ್ ಹಾಕಿಕೊಂಡವರು ಸೆಕ್ಯುರಿಟಿಯವರಿಗೆ ಮೊದಲೇ ಹೇಳಬೇಕು. ಬೇರೆಯವರ ಹಾರ್ಮೋನ್ ಔಷಧಿಯನ್ನು, ಅದರಲ್ಲೂ ಟೆಸ್ಟೋಸ್ಟಿರಾನ್‌ನಂಥದ್ದನ್ನು, ಪರಿಚಯಕ್ಕೆ ಕಟ್ಟುಬಿದ್ದು ತರಬೇಡಿ; ಅದು ನಿಯಂತ್ರಿತ ಪಟ್ಟಿಯಲ್ಲಿದ್ದರೆ ಉತ್ತರ ಕೊಡಬೇಕಾದವರು ತಂದವರೇ.

ಸಕ್ಕರೆ ಕುಸಿದಾಗ

ಇನ್ಸುಲಿನ್ ಹಾಕಿಕೊಳ್ಳುವವರ ರೂಮಿನಲ್ಲಿ ಇನ್ನೊಬ್ಬರಿಗಾದರೂ ಇದು ಗೊತ್ತಿರಬೇಕು. ಬೆವರು, ನಡುಕ, ಹಸಿವು, ಅರ್ಥವಿಲ್ಲದ ಮಾತು ಕಂಡರೆ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ಕಲಸಿದ ನೀರು ಅಥವಾ ಅರ್ಧ ಲೋಟ ಮಾಮೂಲಿ ಪೆಪ್ಸಿ ಕೊಡಿ, ಡಯಟ್ ಅಲ್ಲ. ಕಾಲು ತಾಸು ಬಿಟ್ಟು ಮತ್ತೆ ನೋಡಿ. ಮೀಟರ್ ಸಿಗದಿದ್ದರೆ ಕಾಯಬೇಡಿ, ಮೊದಲು ಸಕ್ಕರೆ. ಸೈಟಿನಲ್ಲಿ ಇದನ್ನು ಬಿಸಿಲಿನ ಸುಸ್ತು ಅಂದುಕೊಳ್ಳುವುದೇ ಹೆಚ್ಚು.

ಎಚ್ಚರ ತಪ್ಪಿದವರಿಗೆ ಗ್ಲೂಕಗಾನ್ ಎಂಬ ಇನ್ನೊಂದು ಹಾರ್ಮೋನ್ ಬೇಕು. ಮೊದಲು ಅದರ ಕಿಟ್‌ನಲ್ಲಿ ಪುಡಿಯನ್ನು ನೀರಿಗೆ ಬೆರೆಸಿ ಸಿರಿಂಜಿಗೆ ಎಳೆದು ಚುಚ್ಚಬೇಕಿತ್ತು, ಕೈ ನಡುಗುವಾಗ ಯಾರಿಗೆ ಸಾಧ್ಯ? 2019ರಲ್ಲಿ ಅಮೆರಿಕ ಒಪ್ಪಿದ ಮೂಗಿನ ಗ್ಲೂಕಗಾನ್ 3 ಮಿ.ಗ್ರಾಂ ಪುಡಿ, ಮೂಗಿನ ಹೊಳ್ಳೆಗಿಟ್ಟು ಒತ್ತಿದರೆ ಸಾಕು, ರೋಗಿ ಉಸಿರು ಎಳೆದುಕೊಳ್ಳಬೇಕೆಂದೂ ಇಲ್ಲ. ಅದು ಸಿಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ ನೋಡಬಹುದು. ಇಲ್ಲದಿದ್ದರೆ, ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ ಆಂಬುಲೆನ್ಸ್ ಕರೆಯಬೇಕು: ಯುಎಇಯಲ್ಲಿ 998, ಸೌದಿಯಲ್ಲಿ 997, ಕತಾರ್ ಮತ್ತು ಬಹ್ರೈನ್‌ನಲ್ಲಿ 999, ಕುವೈತ್‌ನಲ್ಲಿ 112, ಒಮಾನ್‌ನಲ್ಲಿ 9999.